ಹಳ್ಳಿಗೂಡಿಗೆ ಹೊರಟ ಹುಡುಗ



ಈ ದತ್ತಿ ಉಪನ್ಯಾಸದ ವಿಷಯ ‘ಭಾಷೆ ಮತ್ತು ಬದುಕು’ ಎಂದಿದೆ. ಅಷ್ಟು ದೊಡ್ಡದು ನನ್ನ ಕೈಗೆ ಎಟುಕುವುದಿಲ್ಲ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದ ಒಬ್ಬ ತಮಿಳು ಹುಡುಗನ ಕಥೆಗೆ ಅದನ್ನು ಇಳಿಸಿಕೊಳ್ಳುತ್ತೇನೆ. ಹುಡುಗ ನಾನೇ.

ಹಿಂದೆ ಬೆಂಕಿಪುರ ಎನ್ನಿಸಿಕೊಂಡಿದ್ದ ಊರಲ್ಲಿ 1923ರಿಂದ ಕಬ್ಬಿಣದ ಕುಲುಮೆ ಉರಿಯತೊಡಗಿತು. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಮಲೆನಾಡಿನ ಮರದ್ದು, ದುಡಿಯುವ ಕೈಗಳು ಮಾತ್ರ ಎಲ್ಲೆಲ್ಲಿಯವೋ. 1936ರಲ್ಲಿ ಕಾಗದದ ಕಾರ್ಖಾನೆಯೂ ಹುಟ್ಟಿತು. ನಮ್ಮ ಬೀದಿ ನಲ್ಲಿಯ ಮುಂದೆ ತಮಿಳು, ತೆಲುಗು, ಮಲಯಾಳ, ಉರ್ದು ಎಲ್ಲ ಕೊಡ ಹಿಡಿದು ನಿಂತಿರುತ್ತಿದ್ದವು. ಉತ್ತರ ಆರ್ಕಾಟಿನಿಂದ ಬಂದ ಅಪ್ಪ ಫೌಂಡ್ರಿಗೆ ಸೇರಿ ಕನ್ನಡ ಕಲಿತರು. ಅದರಲ್ಲಿ ಅರ್ಧ ಬೈಗುಳ. ಅಮ್ಮ ಕಲಿಯಲಿಲ್ಲ. ಹಾಗೆಂದು ನಾವೆಲ್ಲ ತಿಳಿದಿದ್ದೆವು.

ಕನ್ನಡ ಶಾಲೆಗೆ ಸೇರಿದ ಹೊಸದರಲ್ಲಿ ನಾನೊಂದು ಕೀಲಿಕೈ ಕಂಡುಹಿಡಿದೆ. ಮನೆಯ ‘ಪ’ವನ್ನು ‘ಹ’ ಮಾಡಿದರೆ ಕನ್ನಡ! ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಣಂ ಹಣವಾಯಿತು. ಅದೇ ಧೈರ್ಯದಲ್ಲಿ ತಮಿಳಿನ ಪಳ್ಳಿಕ್ಕೂಡಕ್ಕೂ ಕೀಲಿ ತಿರುಗಿಸಿ, ‘ಹಳ್ಳಿಗೂಡಿಗೆ ಹೊರಟೆ’ ಎಂದೆ. ಶಾಲೆಗೆ ಎನ್ನುವುದು ನನ್ನ ಉದ್ದೇಶ. ಪಕ್ಕದ ಮನೆಯವರು ಕೋಳಿಗೂಡೇನೋ ಎಂದು ನಕ್ಕರು. ವರ್ಷಗಳ ಮೇಲೆ, ಕಾಲೇಜಿನಲ್ಲಿ ಹಳಗನ್ನಡ ಎಂದರೆ ಗೆಳೆಯರು ಬೆವರುವಾಗ, 10ನೇ ಶತಮಾನದ ಪಂಪನ ಕನ್ನಡದಲ್ಲಿ ಪಾಲ್, ಪುಲಿ, ಪೂ ಎಲ್ಲ ಹಾಗೇ ಕೂತಿದ್ದವು. ನನಗದು ಅಜ್ಜಿಯ ಅಡುಗೆಮನೆ. ನಾನು ಕನ್ನಡ ಮೇಷ್ಟ್ರಾದದ್ದು ಅಲ್ಲಿಂದ.

ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳಲ್ಲಿ ಮೂರು ಬೇರೆ ಮನೆಮಾತಿನವರದು ಎಂದು ಇಂಥ ವೇದಿಕೆಗಳಲ್ಲಿ ಹೇಳುವುದುಂಟು: ಬೇಂದ್ರೆಯವರ ಮನೆಯಲ್ಲಿ ಮರಾಠಿ, ಮಾಸ್ತಿಯವರಲ್ಲಿ ತಮಿಳು, ಕಾರ್ನಾಡರಲ್ಲಿ ಕೊಂಕಣಿ. ನಿಜ, ಹೆಮ್ಮೆಯೂ ಹೌದು. ಆದರೆ ರೇಷನ್ ಅಂಗಡಿಯ ಕ್ಯೂನಲ್ಲಿ ಆ ಹೆಮ್ಮೆ ಕೆಲಸಕ್ಕೆ ಬರುವುದಿಲ್ಲ.

ಅಲ್ಲಿ ಅಮ್ಮನಿಗೆ ನಾನೇ ಬಾಯಿ. ಒಂಬತ್ತು ವರ್ಷವಿರಬೇಕು. ಒಂದು ಕೈಯಲ್ಲಿ ಕಾರ್ಡು, ಇನ್ನೊಂದರಲ್ಲಿ ಸೀಮೆಎಣ್ಣೆ ಡಬ್ಬ. ತೂಕ ಮಾಡುತ್ತಿದ್ದವನು ತಲೆಯೆತ್ತದೆ, ‘ಎಲ್ಲೆಲ್ಲಿಂದಲೋ ಬಂದು ನಮ್ಮ ಪಾಲಿಗೆ ಕೈ ಹಾಕ್ತಾರೆ’ ಎಂದ. ಏನಂದರು ಎಂದು ಅಮ್ಮ ತಮಿಳಿನಲ್ಲಿ ಕೇಳಿದಳು. ‘ಸಕ್ಕರೆ ನಾಳೆ ಬರುತ್ತಂತೆ’ ಎಂದೆ. ಅಮ್ಮ ತಲೆಯಾಡಿಸಿ ಚೀಲ ಮಡಿಚಿಕೊಂಡಳು. ಅಮೆರಿಕಕ್ಕೆ ಹೋದ ಮೆಕ್ಸಿಕೋದವರ ಮಕ್ಕಳೂ ಆಸ್ಪತ್ರೆ, ಕಚೇರಿಗಳಲ್ಲಿ ಅಪ್ಪ-ಅಮ್ಮಂದಿರಿಗೆ ಹೀಗೇ ಬಾಯಾಗುತ್ತಾರೆ. ಎರಡು ಭಾಷೆಯ ಮಕ್ಕಳ ಜಾಣತನವನ್ನು ಎಲ್ಲರೂ ಹೊಗಳುತ್ತಾರೆ. ದೊಡ್ಡವರ ಅವಮಾನವನ್ನು ಮೊದಲು ಕೇಳಿಸಿಕೊಂಡು, ಎಷ್ಟು ದಾಟಿಸಬೇಕು, ಎಷ್ಟು ನುಂಗಬೇಕು ಎಂದು ಅಷ್ಟು ಸಣ್ಣ ವಯಸ್ಸಿಗೇ ಅಳೆಯಬೇಕಾದ ಕಷ್ಟ ಯಾರಿಗೂ ಕಾಣುವುದಿಲ್ಲ. ನನ್ನ ತಕರಾರು ಇಷ್ಟೇ.

ಸುಖವೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆಡಿಕೃತ್ತಿಕೆಗೆ ಶಿವಮೊಗ್ಗದ ಗುಡ್ಡೇಕಲ್ಲಿನ ಗುಡಿಗೆ ಕಾವಡಿ ಹೊತ್ತು ಬರುತ್ತಿದ್ದೆವು. ಊರವರು ಅದಕ್ಕೆ ಹರೋಹರ ಜಾತ್ರೆ ಎಂದೇ ಹೆಸರಿಟ್ಟಿದ್ದಾರೆ. ‘ಹರೋಹರ’ ಎಂಬ ಆ ಕೂಗನ್ನು ಅಲ್ಲಿ ಯಾರೂ ಯಾರಿಗೂ ಅನುವಾದಿಸಬೇಕಿರಲಿಲ್ಲ.

1991ರ ಡಿಸೆಂಬರ್. ಕಾವೇರಿ ಗಲಾಟೆ. ಬೆಂಗಳೂರು, ಮೈಸೂರಿನಿಂದ ಬರುತ್ತಿದ್ದ ಸುದ್ದಿ ಕೇಳಿ ನಮ್ಮ ಬೀದಿಯಲ್ಲಿ ರೇಡಿಯೋದ ತಮಿಳು ಹಾಡು ತಗ್ಗಿತ್ತು. ಅಮ್ಮನ ಕಣ್ಣು ತೋರಿಸಲು ಶಿವಮೊಗ್ಗಕ್ಕೆ ಬಸ್ಸು ಹತ್ತಿದ್ದೆವು. ಮನೆಯಲ್ಲೇ ಹೇಳಿಬಿಟ್ಟಿದ್ದೆ: ಬಸ್ಸಿನಲ್ಲಿ ಮಾತಾಡಬೇಡ, ಏನು ಬೇಕಾದರೂ ಸನ್ನೆ ಮಾಡು. ಮಾಚೇನಹಳ್ಳಿ ದಾಟುವಾಗ ಮುಖಕ್ಕೆ ಬಿಸಿಲು ಹೊಡೆಯಿತು. ಅಮ್ಮ ಸನ್ನೆ ಮಾಡಲಿಲ್ಲ. ಹಿಂದಿನ ಸೀಟಿನವರಿಗೂ ಕೇಳುವಂತೆ, ಒಂದಕ್ಷರ ತಪ್ಪದೆ, ‘ಬಿಸಿಲು ಕಣ್ಣಿಗೆ ಹೊಡೀತಿದೆ ಕಣಪ್ಪ, ಆ ಕಿಟಕಿ ಸ್ವಲ್ಪ ಎಳಿ’ ಎಂದಳು.

ಕಿಟಕಿ ಎಳೆದೆ. ಆ ಸಕ್ಕರೆಯ ವಿಷಯ ಕೇಳಬೇಕೆಂದು ಬಾಯಿಗೆ ಬಂತು, ಕೇಳಲಿಲ್ಲ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಗಿನ ಗದ್ದೆ ನೋಡುತ್ತಿದ್ದಳು.