ಡಾಕ್ಟರ್ ಕೈಗೊಂದು ಚೀಟಿ

ಮನೆಯವರನ್ನು ಆಪರೇಷನ್ ಥಿಯೇಟರ್ ಒಳಗೆ ಕಳಿಸಿ, ಹೊರಗೆ ಸ್ಟೀಲ್ ಕುರ್ಚಿ ಮೇಲೆ ಕೂತವರಿಗೆಲ್ಲ ಒಂದು ನಂಬಿಕೆ ಇರುತ್ತೆ, ವೀಕ್ಷಕರೇ. ಒಳಗಿರೋರಿಗೆ ಎಲ್ಲಾ ಗೊತ್ತಿರುತ್ತೆ ಅಂತ. ಯಾರಿಗೆ ಆಪರೇಷನ್, ಎಡಗಾಲಿಗೋ ಬಲಗಾಲಿಗೋ, ಯಾವ ಔಷಧಿ ಒಗ್ಗಲ್ಲ, ರಕ್ತ ಬೇಕಾದರೆ ರೆಡಿ ಇದೆಯಾ. ಇಷ್ಟನ್ನೂ ಯಾರಾದರೂ ಬಾಯಿಬಿಟ್ಟು ಕೇಳಬೇಕಾ? ಕೇಳಬೇಕು, ಗಟ್ಟಿಯಾಗಿ ಕೇಳಬೇಕು, ಕಾಗದ ಹಿಡಿದು ಒಂದೊಂದೇ ಓದಬೇಕು ಅಂತ ಹಠ ಹಿಡಿದ ಒಬ್ಬ ಸರ್ಜನ್ ಬಗ್ಗೆ ಇವತ್ತು ಮಾತಾಡ್ತೀನಿ.

ಹೆಸರು ಅತುಲ್ ಗವಾಂಡೆ. ತಂದೆ ಮಹಾರಾಷ್ಟ್ರದ ಹಳ್ಳಿಯಿಂದ ಅಮೆರಿಕಕ್ಕೆ ಹೋದ ವೈದ್ಯರು, ತಾಯಿಯೂ ವೈದ್ಯೆ. ಮಗ ಬಾಸ್ಟನ್ನಿನ ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕ, ಜೊತೆಗೆ ಸಂಶೋಧಕ. 2006ರ ಕೊನೆಯಲ್ಲಿ ಇವರಿಗೆ ವಿಶ್ವ ಆರೋಗ್ಯ ಸಂಸ್ಥೆಯಿಂದ ಫೋನ್ ಬಂತು. ಜಗತ್ತಿನಲ್ಲಿ ವರ್ಷಕ್ಕೆ 23 ಕೋಟಿಗೂ ಹೆಚ್ಚು ಆಪರೇಷನ್ ನಡೀತಿವೆ, ಅದರಿಂದಾಗುವ ತೊಂದರೆಗಳಲ್ಲಿ ಕನಿಷ್ಠ 10 ಲಕ್ಷ ಜನ ಸಾಯ್ತಿದ್ದಾರೆ, ಏನಾದರೂ ಮಾಡೋಕಾಗುತ್ತಾ ಅನ್ನೋದು ಪ್ರಶ್ನೆ. ಹೊಸ ಯಂತ್ರ ಬೇಕು ಅಂದರೆ ಬಡ ದೇಶಗಳಿಗೆ ಆಗಲ್ಲ. ಹೊಸ ತರಬೇತಿ ಅಂದರೆ ಹತ್ತಾರು ವರ್ಷ. ಗವಾಂಡೆ ಉತ್ತರ ಹುಡುಕಿಕೊಂಡು ಹೋದದ್ದು ಆಸ್ಪತ್ರೆಗಲ್ಲ, ಬೋಯಿಂಗ್ ವಿಮಾನ ಕಂಪನಿಗೆ.

ಇಂಜಿನಿಯರಿಂಗ್ ಓದಿ ಈ ಕ್ಯಾಮೆರಾ ಮುಂದೆ ಬಂದು ಕೂತವನು ನಾನು. ಹಾಗಾಗಿ ಈ ಭಾಗ ಸ್ವಲ್ಪ ಜಾಸ್ತಿ ಹೇಳ್ತೀನಿ, ಸಹಿಸಿಕೊಳ್ಳಿ. 1935ರ ಅಕ್ಟೋಬರ್ 30. ಅಮೆರಿಕದ ಒಹಾಯೋದಲ್ಲಿ ಬೋಯಿಂಗ್ ತನ್ನ ಹೊಸ ಬಾಂಬರ್ ವಿಮಾನವನ್ನು ಸೇನೆಗೆ ತೋರಿಸ್ತಿತ್ತು. ವಿಮಾನ ಮೇಲೆದ್ದು, ಪಕ್ಕಕ್ಕೆ ವಾಲಿ, ಬಿದ್ದು ಉರಿದುಹೋಯ್ತು. ಇಬ್ಬರು ಸತ್ತರು. ಹಾರಿಸ್ತಿದ್ದವರು ಸೇನೆಯ ಪಳಗಿದ ಪೈಲಟ್. ತನಿಖೆ ಮಾಡಿದರೆ ಯಂತ್ರದಲ್ಲಿ ಏನೂ ಕೆಟ್ಟಿರಲಿಲ್ಲ. ನಿಂತ ವಿಮಾನದ ರೆಕ್ಕೆ-ಬಾಲದ ಭಾಗಗಳು ಗಾಳಿಗೆ ಅಲ್ಲಾಡದಿರಲಿ ಅಂತ ಹಾಕುವ ಒಂದು ಲಾಕ್ ಇರುತ್ತೆ. ಹಾರುವ ಮುಂಚೆ ಅದನ್ನು ತೆಗೆಯೋದು ಮರೆತುಹೋಗಿತ್ತು. ನಾಲ್ಕು ಇಂಜಿನ್ನಿನ ಆ ವಿಮಾನದಲ್ಲಿ ನೆನಪಿಡಬೇಕಾದದ್ದು ಅಷ್ಟಿತ್ತು. ಸೇನೆಯವರು ಪೈಲಟ್‌ಗೆ ಇನ್ನೂ ಬುದ್ಧಿ ಬೇಕು ಅನ್ನಲಿಲ್ಲ. ಒಂದು ಚೀಟಿ ಬರೆದರು. ಹೊರಡುವ ಮುಂಚೆ ಇಷ್ಟು, ಇಳಿಯುವ ಮುಂಚೆ ಇಷ್ಟು. ಅದೇ ವಿಮಾನ ಮುಂದೆ ಬಿ-17 ಆಗಿ ಎರಡನೇ ಮಹಾಯುದ್ಧದಲ್ಲಿ ಹಾರಾಡಿತು.

ಗವಾಂಡೆ ತಂಡ ಮಾಡಿದ್ದೂ ಅಂಥದ್ದೇ ಚೀಟಿ. 19 ಅಂಶ, ಮೂರು ಕಡೆ ನಿಲುಗಡೆ. ಅರಿವಳಿಕೆ ಕೊಡುವ ಮುಂಚೆ ಒಮ್ಮೆ, ಚಾಕು ತಾಗಿಸುವ ಮುಂಚೆ ಒಮ್ಮೆ, ರೋಗಿ ಥಿಯೇಟರಿಂದ ಆಚೆ ಹೋಗುವ ಮುಂಚೆ ಒಮ್ಮೆ. ರೋಗಿ ಇವರೇನಾ? ಜಾಗ ಇದೇನಾ? ಆಂಟಿಬಯೋಟಿಕ್ ಕಳೆದ ಒಂದು ಗಂಟೆಯೊಳಗೆ ಕೊಟ್ಟಿದ್ದೀರಾ? ಹೊಟ್ಟೆ ಮುಚ್ಚಿದ ಮೇಲೆ ಬಟ್ಟೆ, ಸೂಜಿ ಎಣಿಸಿದಿರಾ? ಅಂಗಡಿಗೆ ಹೋಗುವಾಗ ಅಮ್ಮ ಕೊಡ್ತಿದ್ದ ದಿನಸಿ ಚೀಟಿಗಿಂತ ದೊಡ್ಡದೇನಲ್ಲ. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷೆ ಮಾಡಿದರು. ಲಂಡನ್, ಸಿಯಾಟಲ್ ಥರದ ಶ್ರೀಮಂತ ಊರೂ ಇತ್ತು, ತಾಂಜಾನಿಯಾದ ಇಫಾಕರಾ ಅನ್ನುವ ಸಣ್ಣ ಊರೂ ಇತ್ತು, ನಮ್ಮ ದೆಹಲಿಯೂ ಇತ್ತು. 2009ರ ಜನವರಿಯಲ್ಲಿ ಫಲಿತಾಂಶ ಬಂತು. ಸಾವು ಶೇ. 1.5ರಿಂದ 0.8ಕ್ಕೆ ಇಳಿದಿತ್ತು. ದೊಡ್ಡ ತೊಡಕುಗಳು ಶೇ. 11ರಿಂದ 7ಕ್ಕೆ.

ಚೀಟಿಯಲ್ಲಿ ನನಗೆ ಬಹಳ ಹಿಡಿಸಿದ ಒಂದು ಸಾಲಿದೆ. ಚಾಕು ಹಿಡಿಯುವ ಮುಂಚೆ ಒಳಗಿರೋರೆಲ್ಲ ತಮ್ಮ ಹೆಸರು, ತಮ್ಮ ಕೆಲಸ ಹೇಳಿಕೊಳ್ಳಬೇಕು. ಇದೇನು ಶಾಲೆ ಮಕ್ಕಳ ಥರ ಅಂತ ಎಷ್ಟೋ ಸರ್ಜನ್‌ಗಳು ನಕ್ಕರಂತೆ. ಆದರೆ ಒಮ್ಮೆ ಬಾಯಿಬಿಟ್ಟು ಹೆಸರು ಹೇಳಿದ ನರ್ಸ್, ಮುಂದೆ ಏನಾದರೂ ಎಡವಟ್ಟು ಕಂಡರೆ ಮಾತಾಡುವ ಸಾಧ್ಯತೆ ಜಾಸ್ತಿ. ನಮ್ಮಲ್ಲಿ ಯೋಚನೆ ಮಾಡಿ. ದೊಡ್ಡ ಡಾಕ್ಟರ್ ಒಳಗೆ ಬಂದರೆ ಎಲ್ಲರೂ ಎದ್ದು ನಿಲ್ತಾರೆ. "ಸರ್, ಒಂದ್ನಿಮಿಷ, ಇದು ಬಲಗಾಲಲ್ವಾ" ಅಂತ ಎರಡು ವರ್ಷ ಸರ್ವೀಸ್ ಆದ ಸಿಸ್ಟರ್ ಹೇಳೋಕಾಗುತ್ತಾ? ಅಮೆರಿಕದ ಕೊಲಂಬಸ್‌ನ ಮಕ್ಕಳ ಆಸ್ಪತ್ರೆಯಲ್ಲಿ ಇದಕ್ಕೊಂದು ಉಪಾಯ ಮಾಡಿದ್ದರು. ಆರಿಂಚಿನ ಲೋಹದ ಮುಚ್ಚಳ, ಡೇರೆ ಆಕಾರದ್ದು, ಅದರ ಮೇಲೆ 'ಕ್ಲಿಯರ್ಡ್ ಫಾರ್ ಟೇಕಾಫ್' ಅಂತ ಬರಹ. ನರ್ಸ್ ಅದನ್ನು ಚಾಕುವಿನ ಮೇಲೆ ಮುಚ್ಚಿಡ್ತಿದ್ದರು. ಪಟ್ಟಿ ಓದಿ ಮುಗಿಯುವ ತನಕ ಸರ್ಜನ್ ಕೈಗೆ ಚಾಕು ಸಿಗಲ್ಲ!

ಗವಾಂಡೆ ತಮ್ಮದೇ ಒಂದು ಪ್ರಸಂಗ ಬರೆದುಕೊಂಡಿದ್ದಾರೆ. ಆಪರೇಷನ್ ಮಾಡ್ತಾ ಇದ್ದಾಗ ಅವರ ಕೈಯಿಂದಲೇ ರೋಗಿಯ ಹೃದಯಕ್ಕೆ ಹೋಗುವ ದೊಡ್ಡ ರಕ್ತನಾಳ ಹರಿದುಹೋಯ್ತು. ರಕ್ತ ಚಿಮ್ಮಿತು, ಹೃದಯ ನಿಂತಿತು. ರೋಗಿ ಉಳಿದರು. ಕಾರಣ, ಬೆಳಿಗ್ಗೆ ಪಟ್ಟಿ ಓದುವಾಗ ರಕ್ತ ತೆಗೆದಿಟ್ಟಿದ್ದಾರಾ ಅನ್ನೋದು ಖಾತ್ರಿಯಾಗಿಲ್ಲ ಅಂತ ನರ್ಸ್ ಕಣ್ಣಿಗೆ ಬಿದ್ದಿತ್ತು, ಅವರು ಆಗಲೇ ಅದನ್ನು ಸರಿಮಾಡಿಸಿದ್ದರು. ಆ ಎಂಟು ಆಸ್ಪತ್ರೆಗಳಲ್ಲಿ ಸಿಬ್ಬಂದಿಯನ್ನು ಕೇಳಿದಾಗ ಶೇ. 20ರಷ್ಟು ಜನಕ್ಕೆ ಈ ಚೀಟಿ ಇಷ್ಟವಾಗಿರಲಿಲ್ಲ. ಆಮೇಲೆ ಇನ್ನೊಂದು ಪ್ರಶ್ನೆ ಹಾಕಿದರು: ನಾಳೆ ನಿಮಗೇ ಆಪರೇಷನ್ ಅಂದರೆ ಚೀಟಿ ಬೇಕಾ, ಬೇಡ್ವಾ? ಬೇಕು ಅಂದವರು ಶೇ. 93!

ಇಲ್ಲಿಗೆ ಮುಗಿಸಿದರೆ ಇದು ಒಳ್ಳೆ ಜಾಹೀರಾತು ಆಗುತ್ತೆ. ಆದರೆ 2014ರಲ್ಲಿ ಕೆನಡಾದ ಒಂಟಾರಿಯೋದಿಂದ ಬೇರೆ ಲೆಕ್ಕ ಬಂತು. 101 ಆಸ್ಪತ್ರೆ, ಎಲ್ಲಾ ಕಡೆ ಚೀಟಿ ಜಾರಿಗೆ ಬಂದಿತ್ತು. ಸಾವಿನಲ್ಲಿ ಲೆಕ್ಕಕ್ಕೆ ಬರುವಂಥ ಇಳಿಕೆ ಏನೂ ಆಗಿರಲಿಲ್ಲ. ಹೇಗೆ ಅಂತ ತಲೆ ಕೆಡಿಸಿಕೊಂಡವರು ಬಹಳ ಜನ. ನನ್ನ ಅನಿಸಿಕೆ ಕೇಳಿದರೆ, ನಮ್ಮ ಯಾವುದೇ ಸರ್ಕಾರಿ ಕಚೇರಿಯ ರಿಜಿಸ್ಟರ್ ನೋಡಿದವರಿಗೆ ಇದು ಆಶ್ಚರ್ಯ ಆಗಬಾರದು. ಟಿಕ್ ಹಾಕೋದು ಬೇರೆ, ನಿಂತು ಓದೋದು ಬೇರೆ.

ಇದು ನಮ್ಮ ರಾಜ್ಯಕ್ಕೂ ಬಂದಿತ್ತು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಹೆರಿಗೆಗೂ ಅಂಥದ್ದೇ ಒಂದು ಪಟ್ಟಿ ತಯಾರಾಯ್ತು, ಗವಾಂಡೆ ಆ ತಂಡದಲ್ಲೂ ಇದ್ದರು. 2010ರಲ್ಲಿ ಅದನ್ನು ಪರೀಕ್ಷೆ ಮಾಡಿದ್ದು ಕರ್ನಾಟಕದ ಒಂದು ಉಪ-ಜಿಲ್ಲಾ ಮಟ್ಟದ ಹೆರಿಗೆ ಕೇಂದ್ರದಲ್ಲಿ. ಕೈ ತೊಳೆಯೋದು, ಬಾಣಂತಿಯ ಬಿಪಿ ನೋಡೋದು ಥರದ 29 ಕೆಲಸಗಳಲ್ಲಿ ಮೊದಲು ಒಂದು ಹೆರಿಗೆಗೆ ಸರಾಸರಿ 10 ಆಗ್ತಿತ್ತು. ಪಟ್ಟಿ ಬಂದ ಮೇಲೆ 25. ಅದೇ ಸಿಬ್ಬಂದಿ, ಅದೇ ಕಟ್ಟಡ!

ಆ ಧೈರ್ಯದ ಮೇಲೆ ಉತ್ತರಪ್ರದೇಶದ 24 ಜಿಲ್ಲೆಗಳಿಗೆ ಹೋದರು. 120 ಆಸ್ಪತ್ರೆ, ಒಂದೂವರೆ ಲಕ್ಷಕ್ಕೂ ಮೀರಿ ತಾಯಂದಿರು. ಅರ್ಧ ಕಡೆ ಪಟ್ಟಿ ಕೊಟ್ಟು, ಎಂಟು ತಿಂಗಳು ಪಕ್ಕದಲ್ಲಿ ನಿಂತು ಹೇಳಿಕೊಡುವವರನ್ನೂ ಕಳಿಸಿದರು. ಅಲ್ಲಿ ಸಿಬ್ಬಂದಿ ಮಾಡಬೇಕಾದ ಕೆಲಸ ಎರಡನೇ ತಿಂಗಳಲ್ಲಿ ಶೇ. 73ರಷ್ಟು ಆಗ್ತಿತ್ತು, ಪಟ್ಟಿ ಇಲ್ಲದ ಕಡೆ ಶೇ. 42. ಹೇಳಿಕೊಡುವವರು ವಾಪಸ್ ಹೋದ ಮೇಲೆ, ಹನ್ನೆರಡನೇ ತಿಂಗಳಲ್ಲಿ, 73 ಇದ್ದದ್ದು 62ಕ್ಕೆ ಇಳಿಯಿತು. ಸಾವು ಮತ್ತು ತಾಯಿಯ ದೊಡ್ಡ ತೊಡಕು ಸೇರಿಸಿ ನೋಡಿದರೆ ಈ ಕಡೆ ಶೇ. 15.1, ಆ ಕಡೆ 15.3. ಅಂದರೆ ವ್ಯತ್ಯಾಸ ಇಲ್ಲ. 2017ರಲ್ಲಿ ಈ ಸೋಲನ್ನು ಅವರು ಅಂಕಿ ಸಮೇತ ಪ್ರಕಟಿಸಿದರು. ನನ್ನ ಮಟ್ಟಿಗೆ ಗವಾಂಡೆ ದೊಡ್ಡವರಾಗೋದು ಇಲ್ಲಿ. ತಮ್ಮದೇ ಯೋಜನೆ ಕೈಕೊಟ್ಟ ಲೆಕ್ಕವನ್ನು ಹೀಗೆ ಬಿಚ್ಚಿಡುವ ಒಬ್ಬ ಮಂತ್ರಿಯನ್ನು ತೋರಿಸಿ ನೋಡೋಣ.

ಕೈ ತೊಳೆಯಿರಿ ಅಂತ ಚೀಟಿ ಹೇಳಬಹುದು. ರಕ್ತಸ್ರಾವ ಶುರುವಾದರೆ ಮುಂದೇನು ಅಂತ ಗೊತ್ತಿರುವ ಡಾಕ್ಟರನ್ನು, ರಾತ್ರಿ ಎರಡು ಗಂಟೆಗೆ ಆಂಬುಲೆನ್ಸನ್ನು ಚೀಟಿ ತರಲ್ಲ. 2024ರ ನವೆಂಬರ್ ನೆನಪಿದೆಯಲ್ಲ? ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ತೀರಿಕೊಂಡರು. ಅನುಮಾನ ಹೋದದ್ದು ಅವರಿಗೆ ಏರಿಸಿದ ಐವಿ ದ್ರಾವಣದ ಕಡೆಗೆ. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಬಾಟಲಿಯೇ ಸರಿಯಿಲ್ಲದಿದ್ದರೆ ವಾರ್ಡಿನಲ್ಲಿ ನಿಂತ ನರ್ಸ್ ಯಾವ ಪಟ್ಟಿ ಓದಿದರೂ ಏನು ಬಂತು? ಪಟ್ಟಿ ಅಲ್ಲಿಂದ ಹಿಂದಕ್ಕೆ, ಗೋದಾಮಿಗೆ, ಟೆಂಡರಿಗೆ, ಲ್ಯಾಬಿಗೆ ಹೋಗಬೇಕು.

ಆಸ್ಪತ್ರೆಯಲ್ಲಿ ಸಾವಾದರೆ ಗಾಜು ಒಡೆಯುತ್ತೆ, ಮೈಕ್ ಬರುತ್ತೆ, ಸಂಜೆಯೊಳಗೆ ಒಬ್ಬ ನರ್ಸ್ ಅಮಾನತು ಅಂತ ಸುದ್ದಿ ಬರುತ್ತೆ. ಯಾರು ನಿಜವಾಗಿ ನಿರ್ಲಕ್ಷ್ಯ ಮಾಡಿದರೋ ಅವರಿಗೆ ಶಿಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಅಮಾನತನ್ನು ನೋಡಿದ ಪಕ್ಕದ ವಾರ್ಡಿನ ನರ್ಸ್ ನಾಳೆ ತಪ್ಪು ಇಂಜೆಕ್ಷನ್ ಕೈಗೆ ಬಂದು ಕೂದಲೆಳೆಯಲ್ಲಿ ತಪ್ಪಿದರೆ ಯಾರಿಗಾದರೂ ಹೇಳ್ತಾರಾ? ಬಾಯಿ ಮುಚ್ಚಿಕೊಂಡು ಇರ್ತಾರೆ. ಒಂದೇ ಥರ ಕಾಣುವ ಎರಡು ಬಾಟಲಿ ಅದೇ ಕಪಾಟಿನಲ್ಲಿ ಹಾಗೇ ಕೂತಿರುತ್ತೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ನಿಗದಿಯಾಗಿದ್ದರೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಎರಡು ಪ್ರಶ್ನೆ ಕೇಳಿ. ಜಗಳ ಬೇಡ, ಮರ್ಯಾದೆಯಿಂದಲೇ ಕೇಳಿ. "ಸರ್, ಥಿಯೇಟರಲ್ಲಿ ಆ ಸುರಕ್ಷತೆಯ ಪಟ್ಟಿ ಓದ್ತೀರಾ?" ಹೂಂ ಅಂತಾರೆ. ಆಮೇಲೆ ಎರಡನೆಯದು: "ಓದೋದು ಯಾರು ಸರ್? ಅವರು ನಿಲ್ಲಿಸಿ ಅಂದರೆ ನೀವು ನಿಲ್ಲಿಸ್ತೀರಾ?" ಈ ಸಲ ಉತ್ತರಕ್ಕಿಂತ ಅವರ ಪಕ್ಕದಲ್ಲಿ ಫೈಲ್ ಹಿಡಿದು ನಿಂತಿರುವ ಸಿಸ್ಟರ್ ಮುಖ ನೋಡಿ.