ಜೋಡಿ ಹಕ್ಕಿಯ ಕಾಣಿಕೆ

(ಮುಗದದಲ್ಲಿ ಕ್ರಿಸ್ತ ಜಯಂತಿಯ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಗೋದಲಿಗೆ ಹುಲ್ಲು ಬೇಕಾದರೆ ಪೇಟೆಯವರು ಈಗ ಅಂಗಡಿಗೆ ಹೋಗುತ್ತಾರೆ. ಮುಗದದಲ್ಲಿ ನಮಗೆ ಆ ಚಿಂತೆ ಇಲ್ಲ. ಸುಗ್ಗಿ ಮುಗಿದಿದೆ, ಬಣವೆ ಒಟ್ಟಿಯಾಗಿದೆ, ಬಾಲಯೇಸುವಿನ ಕೆಳಗೆ ಹಾಸಿರುವುದು ನಮ್ಮ ಗದ್ದೆಯ ಭತ್ತದ ಹುಲ್ಲು. ಮುಗದ ಎಂದರೆ ಭತ್ತ. ಇಲ್ಲಿನ ಸಂಶೋಧನಾ ಕೇಂದ್ರದಿಂದ ಬಂದ ಒಂದು ತಳಿ 'ಮುಗದ ಸುಗಂಧ' ಎಂದು ಊರಿನ ಹೆಸರನ್ನೇ ಹೊತ್ತಿದೆ. ಮಳೆ ಹಿಡಿಯುವ ಮೊದಲೇ ಒಣಮಣ್ಣಿನಲ್ಲಿ ಕೂರಿಗೆಯಿಂದ ಬಿತ್ತಿ, ಆಮೇಲೆ ಮುಗಿಲು ನೋಡುತ್ತ ಕೂರುವ ಒಕ್ಕಲುತನ ನಮ್ಮದು. ಇಂಥವರ ಮುಂದೆ ನಿಂತು ಸರಳವಾಗಿ ಬದುಕಿರಿ ಎಂದು ಬೋಧಿಸುವುದು ಸುಲಭವಲ್ಲ. ಹೊಟ್ಟೆ ತುಂಬಿದವನು ಉಪವಾಸದ ಮಹಿಮೆ ಹೇಳಿದಂತಾದೀತು.

ಆದ್ದರಿಂದ ಮೊದಲೇ ಒಂದು ಮಾತು. ಬಡತನ ಬೇರೆ, ಸರಳತೆ ಬೇರೆ. ಛತ್ರದಲ್ಲಿ ಸ್ಥಳ ಸಿಗದೆ ಆಗತಾನೆ ಹುಟ್ಟಿದ ಕೂಸನ್ನು ದನದ ಗೋದಲಿಯಲ್ಲಿ ಮಲಗಿಸಬೇಕಾಗಿ ಬಂದದ್ದು ಚಂದದ ಸಂಗತಿಯೇನಲ್ಲ. ಮಳೆ ಕೈಕೊಟ್ಟು ಬೆಳೆ ಕಳೆದುಕೊಂಡವನ, ಆಸ್ಪತ್ರೆಯ ಖರ್ಚಿಗೆ ಕಿವಿಯ ಬೆಂಡೋಲೆ ಅಡವಿಟ್ಟವಳ ಸ್ಥಿತಿಯನ್ನು ಸರಳ ಜೀವನ ಎಂದು ಹೊಗಳುವ ಹಕ್ಕು ಯಾರಿಗೂ ಇಲ್ಲ, ಯಾಜಕರಿಗಂತೂ ಇಲ್ಲವೇ ಇಲ್ಲ. ಅವರಿಗೆ ಬೇಕಾದದ್ದು ಉಪದೇಶವಲ್ಲ, ನೆರವು.

ಹಾಗೆಯೇ ವಸ್ತುಗಳನ್ನು ಬಯ್ಯುವುದರಲ್ಲೂ ಅರ್ಥವಿಲ್ಲ. ಧಾರವಾಡಕ್ಕೆ ದಿನಾ ಕೆಲಸಕ್ಕೆ ಹೋಗುವವನಿಗೆ ಬೈಕು ಎಂದರೆ ಕಾಲಿದ್ದಂತೆ. ಮಿಕ್ಸರ್ ಬಂದ ಮೇಲೆ ತಾಯಂದಿರ ರಟ್ಟೆಗೆ ಬಿಡುವು ಸಿಕ್ಕಿದೆ. ಒಳಕಲ್ಲಿನ ಖಾರದ ರುಚಿಯನ್ನು ಹೊಗಳುವವರು ಸಾಮಾನ್ಯವಾಗಿ ರುಬ್ಬಿದವರಲ್ಲ!

ಹಾಗಾದರೆ ಸರಳತೆ ಎಂದರೇನು? ಇದಕ್ಕೆ ಗೋದಲಿಯ ಹತ್ತಿರವೇ ನಿಂತರೆ ಸಾಲದು, ಇನ್ನೂ ಸ್ವಲ್ಪ ಮುಂದೆ ಹೋಗಬೇಕು. ಸಂತ ಲೂಕರ ಶುಭಸಂದೇಶದಲ್ಲಿ, ಮಗು ಹುಟ್ಟಿದ ಮೇಲೆ ಮರಿಯಮ್ಮನವರೂ ಜೋಸೇಫರೂ ಕೂಸನ್ನು ಜೆರುಸಲೇಮಿನ ದೇವಾಲಯಕ್ಕೆ ಕರೆದೊಯ್ಯುತ್ತಾರೆ. ಹೆತ್ತ ತಾಯಿಯ ಶುದ್ಧೀಕರಣಕ್ಕೆ ಒಂದು ಕುರಿಮರಿಯನ್ನೂ ಒಂದು ಹಕ್ಕಿಯನ್ನೂ ಅರ್ಪಿಸಬೇಕೆಂಬುದು ಮೋಶೆಯ ನಿಯಮ. ಕುರಿಮರಿ ತರಲಾಗದವರು ಎರಡು ಹಕ್ಕಿ ಕೊಟ್ಟರೆ ಸಾಕು. ಲೂಕರು ಇಲ್ಲಿ ಹೆಸರಿಸುವುದು ಜೋಡಿ ಹಕ್ಕಿಯನ್ನು ಮಾತ್ರ.

ನಾವು ಈ ವಾಕ್ಯವನ್ನು ಓದಿ ದಾಟಿಬಿಡುತ್ತೇವೆ. ಸ್ವಲ್ಪ ನಿಂತು ನೋಡೋಣ. ಚೊಚ್ಚಲ ಗಂಡುಮಗು. ದೇವದೂತರು ಹಾಡಿ ಸಾರಿದ ಕೂಸು. ಊರೂರಿನ ಜನ ಬರುವ ದೊಡ್ಡ ದೇವಾಲಯ. ಬೇಡವೆಂದರೂ ನೆಂಟರು ಮುಂದೆ ಬಂದು 'ಇಂಥ ಮಗನ ಕಾರ್ಯಕ್ಕ ಎರಡು ಹಕ್ಕಿನಾ? ಮಂದಿ ಏನಂದಾರು? ಸಾಲಾ ಮಾಡಿ ಆದರೂ ಒಂದು ಕುರಿಮರಿ ತಾ' ಎನ್ನುವ ಸಂದರ್ಭ. ಬಡಗಿ ಜೋಸೇಫರು ಹಾಗೆ ಮಾಡಲಿಲ್ಲ. ಇದ್ದದ್ದನ್ನು ತಂದರು, ತಲೆಯೆತ್ತಿ ಕೊಟ್ಟರು. ಸಿಮೆಯೋನರು ಕೂಸನ್ನು ಕೈಗೆತ್ತಿಕೊಂಡಾಗ ಕುರಿಮರಿ ಎಲ್ಲಿ ಎಂದು ಕೇಳಲಿಲ್ಲ.

ಪ್ರಿಯರೇ, ನಮ್ಮ ಹಳ್ಳಿಗಳಲ್ಲಿ ಇಂದು ಆ ಕುರಿಮರಿಯ ಸಾಲವೇ ದೊಡ್ಡದಾಗಿದೆ. ಹೊಲಕ್ಕೆ ಮಾಡಿದ ಸಾಲದ ಮಾತು ಬೇರೆ. ಮಗಳ ಮದುವೆಗೆ ಪೇಟೆಯ ಕಲ್ಯಾಣ ಮಂಟಪ, ಡಿಜೆ, ಆಕಾಶದಿಂದ ಚಿತ್ರ ತೆಗೆಯುವ ಡ್ರೋನ್, ಬೀದಿಯ ತುದಿಯಲ್ಲಿ ಫ್ಲೆಕ್ಸು. ಮಕ್ಕಳ ಪ್ರಥಮ ಪರಮಪ್ರಸಾದಕ್ಕೂ ಈಗ ಅದೇ ಅಬ್ಬರ. ಇದಕ್ಕೆಲ್ಲ ರೊಕ್ಕ ಅಕ್ಕಂದಿರ ಗುಂಪಿನ ಹೆಸರಿನಲ್ಲಿ ತೆಗೆದ ಸಾಲದಿಂದ ಬರುತ್ತದೆ. ಒಬ್ಬಳು ಕಟ್ಟದಿದ್ದರೆ ಉಳಿದವರು ಅವಳ ಪಾಲನ್ನೂ ಕಟ್ಟಬೇಕು. ಭತ್ತ ಬರುವುದು ವರ್ಷಕ್ಕೊಮ್ಮೆ, ಕಂತು ಬರುವುದು ವಾರಕ್ಕೊಮ್ಮೆ. ಈ ಲೆಕ್ಕ ಎಲ್ಲಿ ಕೂಡೀತು? ಸಾಲಗಾರರ ಕಾಟ ತಡೆಯಲಾರದೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ರಾಜ್ಯದ ಹಲವೆಡೆಯಿಂದ ಬಂದ ಮೇಲೆ, 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಒಳ್ಳೆಯದಾಯಿತು. ಬಾಗಿಲಿಗೆ ಬಂದು ಪೀಡಿಸುವವನನ್ನು ಕಾನೂನು ತಡೆದೀತು. ಆದರೆ 'ಮಂದಿ ಏನಂದಾರು' ಎಂದು ನಮ್ಮೊಳಗೇ ಕೂತು ಪೀಡಿಸುವವನಿಗೆ ಯಾವ ಕಾನೂನು?

ಸಂತ ಫ್ರಾನ್ಸಿಸರು ಅಸ್ಸಿಸಿಯ ಬಟ್ಟೆ ವ್ಯಾಪಾರಿಯ ಮಗ. ಒಳ್ಳೆಯ ಉಡುಪಿಗೂ ಜನರ ಮೆಚ್ಚುಗೆಗೂ ಒಂದು ಕಾಲದಲ್ಲಿ ಸೋತವರು. ಅವರು 1223ರ ಕ್ರಿಸ್ಮಸ್ ರಾತ್ರಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಗೋದಲಿ ಏರ್ಪಡಿಸಿದಾಗ ಅಲ್ಲಿದ್ದದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ, ದೀಪ ಹಿಡಿದು ಬಂದ ಊರ ಜನ. ಆ ಹುಲ್ಲನ್ನು ಆಮೇಲೆ ಕಾಯಿಲೆ ಬಿದ್ದ ದನಗಳಿಗೆ ತಿನ್ನಿಸಿದರೆಂದು ಅವರ ಚರಿತ್ರೆ ಬರೆದ ಚೆಲಾನೊದ ಥಾಮಸ್ ತಿಳಿಸುತ್ತಾರೆ. ಇದು ಒಕ್ಕಲಿಗರಿಗೆ ತಟ್ಟನೆ ಅರ್ಥವಾಗುವ ಮಾತು. ವಿಶ್ವಗುರು ಹದಿನಾಲ್ಕನೇ ಲಿಯೋರವರು ಬಡವರ ಮೇಲಣ ಪ್ರೀತಿಯ ಕುರಿತ ತಮ್ಮ ಪತ್ರಕ್ಕೆ ಸಹಿ ಹಾಕಲು ಆರಿಸಿಕೊಂಡದ್ದೂ ಇದೇ ಫ್ರಾನ್ಸಿಸರ ಹಬ್ಬದ ದಿನವನ್ನು, 2025ರ ಅಕ್ಟೋಬರ್ 4ನ್ನು.

ಅಸ್ಸಿಸಿ ದೂರವಾಯಿತು ಎನ್ನುವವರು ವಿಜಯಪುರದ ಕಡೆ ನೋಡಬಹುದು. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಅಂಗಿಗೆ ಕಿಸೆಯೇ ಇರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದರು. ತಮಗಾಗಿ ಸ್ಮಾರಕ ಕಟ್ಟಬಾರದೆಂದು ಮೊದಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಕೊನೆಯ ದರ್ಶನಕ್ಕೆ ಜನಸಾಗರವೇ ಹರಿದು ಬಂತು. ಕಿಸೆಯಿಲ್ಲದವರಿಂದ ಆ ಜನ ಏನು ಪಡೆದಿದ್ದರು ಎಂದು ಯೋಚಿಸಬೇಕು.

ಸಂತೋಷದ ಮಾತಿಗೆ ಬಂದರೆ, ಹೊಸ ಟಿವಿಯ ಖುಷಿ ಎದುರುಮನೆಯವರು ಅದಕ್ಕಿಂತ ದೊಡ್ಡದನ್ನು ತರುವವರೆಗೆ. ಕುರಿಗಾಹಿಗಳನ್ನು ನೋಡಿ. ಗೋದಲಿಯಿಂದ ಅವರು ಬರಿಗೈಯಲ್ಲೇ ಮರಳಿದರು. ಬೆಳಗಾದರೆ ಅದೇ ಕುರಿ, ಅದೇ ಚಳಿ, ಅದೇ ಕಂಬಳಿ. ಆದರೂ ದೇವರನ್ನು ಕೊಂಡಾಡುತ್ತ ಹೋದರು ಎನ್ನುತ್ತಾರೆ ಲೂಕರು. ತೋರಿಸಿಕೊಳ್ಳಲು ಅವರ ಬಳಿ ಏನೂ ಇರಲಿಲ್ಲ, ಹೇಳಿಕೊಳ್ಳಲು ಮಾತ್ರ ಬಹಳ ಇತ್ತು.

ಮೂರು ಅರಸರ ಹಬ್ಬದ ನಂತರ ನಮ್ಮಲ್ಲಿ ಮದುವೆಗಳು ಶುರುವಾಗುತ್ತವೆ. ಹೆಸರು ಕೊಡಲು ಬರುವ ಎರಡೂ ಮನೆಯ ಹಿರಿಯರಲ್ಲಿ ಒಂದು ವಿನಂತಿ. ಮಂಟಪಕ್ಕೆ ಮುಂಗಡ ಕೊಟ್ಟ ಮೇಲೆ ಬರಬೇಡಿ, ಕೊಡುವ ಮೊದಲು ಬನ್ನಿ. ಮನೆಯ ಮುಂದೆ ಚಪ್ಪರ, ಗೋದಿ ಹುಗ್ಗಿ, ಬದನೆಕಾಯಿ ಪಲ್ಯ, ಊರಿನದೇ ಅಕ್ಕಿಯ ಅನ್ನ, ಸಾರು, ಬಡಿಸಲು ನಮ್ಮದೇ ಹುಡುಗರು. ಮೊದಲು ಹೀಗೆ ಮಾಡುವ ಮನೆಯವರು ನಾಲ್ಕು ಮಾತು ಕೇಳಬೇಕಾದೀತು, ನಿಜ. ಅದಕ್ಕೇ ಒಬ್ಬರ ಮೇಲೆ ಬಿಡುವುದು ಬೇಡ. ಮುಂದಿನ ಭಾನುವಾರ ಪೂಜೆಯ ನಂತರ ಎಲ್ಲ ಮನೆಯವರೂ ಅರ್ಧ ಗಂಟೆ ಕೂಡೋಣ. ಅವ್ವಂದಿರು ತಪ್ಪದೆ ಇರಬೇಕು, ಏಕೆಂದರೆ ಕಂತು ಕಟ್ಟುವವರು ಅವರು.

ನಿಮಗೆಲ್ಲರಿಗೂ ಕ್ರಿಸ್ತ ಜಯಂತಿಯ ಶುಭಾಶಯಗಳು.