ಮೊನಾಲಿಸಾಳ ಮೀಸೆ, ನೆಪೋಲಿಯನ್ನನ ಕುದುರೆ



ಶಾಲೆಯ ಚರಿತ್ರೆ ಪುಸ್ತಕದಲ್ಲಿ ರಾಜರಾಣಿಯರ ಚಿತ್ರಗಳಿಗೆ ಮೀಸೆ, ಕನ್ನಡಕ ಬರೆಯದವರು ನಮ್ಮಲ್ಲಿ ಎಷ್ಟು ಮಂದಿ? ಮೇಷ್ಟರ ಕಣ್ಣಿಗೆ ಬಿದ್ದರೆ ಏಟು ಖಂಡಿತ. ಅದೇ ಕೆಲಸವನ್ನು 1919ರಲ್ಲಿ ಮಾಡಿದ ಫ್ರೆಂಚ್ ಕಲಾವಿದ ಮಾರ್ಸೆಲ್ ದ್ಯುಶಾಂ ಕಲೆಯ ಇತಿಹಾಸದಲ್ಲೇ ಜಾಗ ಪಡೆದ. ಮೊನಾಲಿಸಾಳ ಚಿತ್ರವಿದ್ದ ಅಗ್ಗದ ಕಾರ್ಡೊಂದರ ಮೇಲೆ ಪೆನ್ಸಿಲಿನಿಂದ ಅವಳಿಗೆ ಮೀಸೆ, ಕುಚ್ಚುಗಡ್ಡ ಬರೆದ. ಕೆಳಗೆ ಐದು ಅಕ್ಷರ ಗೀಚಿದ. ಅವನ್ನು ಫ್ರೆಂಚಿನಲ್ಲಿ ಒಂದೊಂದಾಗಿ ಉಚ್ಚರಿಸಿದರೆ ಪೋಲಿ ಮಾತೊಂದು ಕೇಳಿಸುತ್ತದೆ.

ಇದು ಕಲೆಯೋ, ಕುಚೋದ್ಯವೋ? ಉತ್ತರ ಹೇಳುವ ಮುನ್ನ ಒಂದು ಸಂಗತಿ ಗಮನಿಸಬೇಕು. ದ್ಯುಶಾಂ ಲಿಯೊನಾರ್ಡೊನ ಮೂಲಚಿತ್ರವನ್ನು ಮುಟ್ಟಲಿಲ್ಲ. ಮುಟ್ಟಿದ್ದು ಅಚ್ಚಿನ ಪ್ರತಿಯನ್ನು. 1911ರಲ್ಲಿ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಿಂದ ಕಳುವಾದ ಆ ಚಿತ್ರ 1913ರಲ್ಲಿ ಇಟಲಿಯಲ್ಲಿ ಸಿಕ್ಕಿತ್ತು. ಅದು ಕಾಣೆಯಾಗಿದ್ದಾಗ ಗೋಡೆಯ ಖಾಲಿ ಜಾಗವನ್ನು ನೋಡಲೂ ಜನ ಬರುತ್ತಿದ್ದರು! ಚಿತ್ರವನ್ನು ನೋಡದೆಯೇ ಕೈಮುಗಿಯುವ ಈ ಭಕ್ತಿಗೆ ದ್ಯುಶಾಂ ಮೀಸೆ ಬರೆದನೆನ್ನಬಹುದು.

ಅವನ ದಾರಿಯಲ್ಲಿ ಮುಂದೆ ಹೋದವರು ಪಾಪ್ ಕಲಾವಿದರು. ಜಾಹೀರಾತು, ಸಿನಿಮಾ, ಕಾಮಿಕ್ಸ್, ಅಂಗಡಿಯ ಸರಕು ಇವರ ವಸ್ತು. 1963ರಲ್ಲಿ ಮೊನಾಲಿಸಾ ಅಮೆರಿಕಕ್ಕೆ ಹೋದಾಗ ಹತ್ತು ಲಕ್ಷಕ್ಕೂ ಹೆಚ್ಚು ಜನ ಅವಳ ದರ್ಶನಕ್ಕೆ ಬಂದರು. ಅದೇ ವರ್ಷ ಆಂಡಿ ವಾರ್ಹಾಲ್ ಒಂದೇ ಕ್ಯಾನ್ವಾಸಿನ ಮೇಲೆ ಸ್ಕ್ರೀನ್ ಪ್ರಿಂಟಿಂಗ್‌ನಿಂದ ಅವಳನ್ನು ಮೂವತ್ತು ಸಲ ಒತ್ತಿ, 'ಒಂದಕ್ಕಿಂತ ಮೂವತ್ತು ಮೇಲು' ಎಂದು ಹೆಸರಿಟ್ಟ. ಹಿಂದಿನ ವರ್ಷ ಸೂಪಿನ ಡಬ್ಬಿಗಳನ್ನು ಚಿತ್ರಿಸಿದ್ದವನು ಈಗ ಮೊನಾಲಿಸಾಳನ್ನೂ ಅಂಗಡಿಯ ಸಾಲಿನಲ್ಲಿ ನಿಲ್ಲಿಸಿದ್ದ.

ಇಲ್ಲಿಯವರೆಗಿನದು ಖ್ಯಾತಿಯನ್ನು ಕುರಿತ ನಗೆ. ಅಧಿಕಾರವನ್ನೇ ಕೆಣಕಿದ ನಗೆಗೆ 1977ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಕೆಹಿಂಡೆ ವೈಲಿಯ ಚಿತ್ರವೊಂದನ್ನು ನೋಡಬೇಕು. ಕೆನೆಯುತ್ತ ಮುಂಗಾಲೆತ್ತಿದ ಬಿಳಿಕುದುರೆಯ ಮೇಲೆ ಆಲ್ಪ್ಸ್ ದಾಟುವ ನೆಪೋಲಿಯನ್ನನನ್ನು ದಾವೀದ್ ಎಂಬ ಕಲಾವಿದ 1801ರಲ್ಲಿ ಬರೆದಿದ್ದ. 2005ರಲ್ಲಿ ವೈಲಿ ಅದೇ ಕುದುರೆ, ಅದೇ ಭಂಗಿ, ಅದೇ ಹಾರುವ ಮೇಲುಹೊದಿಕೆ ಉಳಿಸಿಕೊಂಡು, ಸವಾರನನ್ನು ಮಾತ್ರ ಬದಲಿಸಿದ. ಮಿಲಿಟರಿ ಮಾದರಿಯ ಉಡುಪು, ಬೂಟು ತೊಟ್ಟ ಕರಿಯ ಯುವಕನೊಬ್ಬ ಅಲ್ಲಿ ಕುಳಿತಿದ್ದಾನೆ. ಕೆಳಗಿನ ಬಂಡೆಯಲ್ಲಿ ಬೊನಪಾರ್ಟೆಯ ಜೊತೆಗೆ 'ವಿಲಿಯಮ್ಸ್' ಎಂಬ ಹೆಸರೂ ಸೇರಿದೆ. ಹಿನ್ನೆಲೆಯಲ್ಲಿ ಆಲ್ಪ್ಸ್ ಮಾಯವಾಗಿ ಕೆಂಪು ಜರತಾರಿ ಬಟ್ಟೆಯ ವಿನ್ಯಾಸ ಬಂದಿದೆ. ಅದರ ನಡುವೆ, ಗಂಡಸಿನ ಡೌಲನ್ನು ಛೇಡಿಸುವಂತೆ, ಈಜಾಡುವ ವೀರ್ಯಾಣುಗಳು!

ನೋಡಿದ ಕೂಡಲೇ ನಗು ಬರುತ್ತದೆ. ಆಮೇಲೆ ಪ್ರಶ್ನೆ ಕಾಡುತ್ತದೆ: ಈ ಕುದುರೆಯ ಮೇಲೆ ಇವನು ಕುಳಿತರೆ ನಮಗೇಕೆ ವಿಚಿತ್ರವೆನಿಸಬೇಕು? ನಿಜ ಹೇಳಬೇಕೆಂದರೆ 1800ರಲ್ಲಿ ನೆಪೋಲಿಯನ್ ಆಲ್ಪ್ಸ್ ದಾಟಿದ್ದು ಹೇಸರಗತ್ತೆಯ ಮೇಲೆ. ದಾವೀದನ ಎದುರು ಚಿತ್ರಕ್ಕೆಂದು ಕೂರಲೂ ಅವನು ಒಪ್ಪಲಿಲ್ಲ. ಅಂದಮೇಲೆ ಮೂಲಚಿತ್ರವೂ ಒಂದು ವೇಷವೇ. ವೈಲಿ ಆ ವೇಷವನ್ನು, ಚಿನ್ನದ ಚೌಕಟ್ಟಿನೊಳಗೆ ಎಂದೂ ಜಾಗ ಸಿಗದಿದ್ದವನಿಗೆ ತೊಡಿಸಿದ. 2020ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಸಂಗ್ರಹಾಲಯ ಎರಡೂ ಚಿತ್ರಗಳನ್ನು ಒಟ್ಟಿಗೆ ಪ್ರದರ್ಶಿಸಿತು.

ಇಂಥ ವೇಷ ನಮ್ಮ ಊರಿಗೂ ಹೊಸದಲ್ಲ. ಬೆಂಗಳೂರಿನ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಂದಿಗೆ 2000ದಿಂದ 2004ರ ನಡುವೆ ತೆಗೆದ ಚಿತ್ರಸರಣಿಯಲ್ಲಿ ರವಿವರ್ಮನ ಬೆಳದಿಂಗಳ ಹೆಣ್ಣಾಗಿ ತಾವೇ ಕುಳಿತರು. ಅದು ಪಾಪ್ ಕಲೆಯಲ್ಲ, ಅಭಿನಯಿಸಿ ತೆಗೆದ ಛಾಯಾಚಿತ್ರ. ಆದರೂ ಕ್ಯಾಲೆಂಡರುಗಳ ಮೂಲಕ ನಮ್ಮ ಕಣ್ಣಿಗೆ ಒಗ್ಗಿಹೋದ 'ಆದರ್ಶ ಹೆಣ್ಣು' ಕೂಡ ಒಂದು ಉಡುಪು, ಒಂದು ಭಂಗಿ ಎಂಬುದನ್ನು ಅವರು ನಗುತ್ತಲೇ ತೋರಿಸಿಕೊಟ್ಟರು.

ಹಳೆಯದನ್ನು ಹಾಳುಮಾಡುವ ಹಾಸ್ಯ ಬೇರೆ, ಮತ್ತೆ ನೋಡುವಂತೆ ಮಾಡುವ ಹಾಸ್ಯ ಬೇರೆ. ವೈಲಿಯ ಚಿತ್ರ ಕಂಡವರು ದಾವೀದನ ಚಿತ್ರದ ಕಡೆಗೆ ಹಿಂದಿರುಗಿ ಹೋಗುತ್ತಾರೆ. ಆದರೆ ಈ ಸಲ ಅಲ್ಲಿಲ್ಲದ ಹೇಸರಗತ್ತೆಯನ್ನೂ ಹುಡುಕುತ್ತಾರೆ.